ಎಮರ್ಜೆನ್ಸಿ ವಿಭಾಗಕ್ಕೆ ಐದು ಸ್ಟಾರ್, ಬಿಲ್ಲಿಂಗ್ ಕೌಂಟರಿಗೆ ಎರಡು

ಇದು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಬಗ್ಗೆ. ಹೆಸರು ಹಾಕಿಲ್ಲ. ಬರೀ ಹೊಗಳುವುದಿದ್ದರೆ ಹಾಕುತ್ತಿದ್ದೆ, ಬೈಯುವುದೂ ಇದೆ. ಮೇಲಾಗಿ ಅಕ್ಕನನ್ನು ಈಗಲೂ ತೋರಿಸುತ್ತಿರುವುದು ಅಲ್ಲಿಯೇ.

ನಾನು ಹುಣಸೂರಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿರುವವನು. ಆಸ್ಪತ್ರೆಗೆ ಹೋದರೆ ಲಾಬಿಯ ಗ್ರಾನೈಟು, ಗೋಡೆಯ ಮೇಲಿನ ಪ್ರಶಸ್ತಿ ಪತ್ರ ಇವೆಲ್ಲ ನನ್ನ ಕಣ್ಣಿಗೆ ಬೀಳುವುದಿಲ್ಲ. ಜೀವ ಉಳಿಸುವ ಔಷಧಿ ಯಾವ ಕಪಾಟಿನಲ್ಲಿದೆ, ಆ ಕಪಾಟಿನಿಂದ ರೋಗಿಯ ಕೈಗೆ ಬರಲು ಎಷ್ಟು ಜನ ಸಹಿ ಹಾಕಬೇಕು, ದುಡ್ಡು ಮೊದಲೋ ಸೂಜಿ ಮೊದಲೋ, ಇದು ನಾನು ನೋಡುವುದು. ಆ ಲೆಕ್ಕದಲ್ಲಿ ಈ ಎಮರ್ಜೆನ್ಸಿ ವಿಭಾಗದಷ್ಟು ಅಚ್ಚುಕಟ್ಟಾದ ಜಾಗವನ್ನು ನಾನು ಬೇರೆ ನೋಡಿಲ್ಲ.

ಅಕ್ಕನಿಗೆ ಆಗಿದ್ದು ಪಲ್ಮನರಿ ಎಂಬಾಲಿಸಂ. ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಅಲ್ಲಿಂದ ಕಿತ್ತುಕೊಂಡು ಮೇಲೆ ಬಂದು, ಹೃದಯದ ಬಲಭಾಗ ದಾಟಿ, ಶ್ವಾಸಕೋಶಕ್ಕೆ ಹೋಗುವ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಚಿಕ್ಕ ಹೆಪ್ಪಾದರೆ ಎದೆಯಲ್ಲಿ ಚುಚ್ಚುನೋವು, ಒಂದಿಷ್ಟು ಏದುಸಿರು. ದೊಡ್ಡದಾದರೆ ಹೃದಯದ ಬಲಭಾಗ ರಕ್ತ ದಬ್ಬಲಾಗದೆ ಊದಿಕೊಳ್ಳುತ್ತದೆ, ಎಡಭಾಗಕ್ಕೆ ರಕ್ತ ಬರುವುದೇ ಕಡಿಮೆಯಾಗುತ್ತದೆ, ಬಿ.ಪಿ. ಕುಸಿಯುತ್ತದೆ. ಮೇಲಿನ ಬಿ.ಪಿ. 90ಕ್ಕಿಂತ ಕೆಳಗಿಳಿದು ಕಾಲು ಗಂಟೆಯಾದರೂ ಏಳದಿದ್ದರೆ ಅದನ್ನು ಅತಿ ಅಪಾಯದ ಬಗೆ ಎಂದೇ ಎಣಿಸುತ್ತಾರೆ. ಹೀಗಾದವರಲ್ಲಿ ಸಾಯುವವರು ಹೆಚ್ಚಿನಂಶ ಮೊದಲ ಕೆಲವು ಗಂಟೆಗಳಲ್ಲೇ ಸಾಯುತ್ತಾರೆ. ಹಾಗಾಗಿ ಆಸ್ಪತ್ರೆ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಐಸಿಯು ಹಾಸಿಗೆಯಲ್ಲಲ್ಲ, ಬಾಗಿಲಲ್ಲೇ ಗೊತ್ತಾಗಿಬಿಡುತ್ತದೆ.

ಹಿನ್ನೆಲೆ ಸ್ವಲ್ಪ. ಹೊಗೆಸೊಪ್ಪಿನ ಸೀಸನ್ನಿನಲ್ಲಿ ಸೊಪ್ಪು ಒಣಗಿಸುವ ಬ್ಯಾರನ್ ಮನೆ ಮುಂದೆ ಜಾರಿ ಬಿದ್ದು ಅಕ್ಕನ ಬಲಗಾಲಿನ ಹರಡು ಮುರಿದಿತ್ತು. ಆಪರೇಷನ್ ಬೇಕಿಲ್ಲ ಎಂದು ಮಂಡಿಯ ಕೆಳಗಿನವರೆಗೆ ಪ್ಲಾಸ್ಟರ್ ಹಾಕಿ, ಆರು ವಾರ ಕಾಲು ಊರಬೇಡಿ ಎಂದು ಕಳಿಸಿದ್ದರು. ಅಕ್ಕ ಜೀವಮಾನದಲ್ಲಿ ಮೊದಲ ಸಲ ಸುಮ್ಮನೆ ಕೂತಿದ್ದಳು. ನಾಲ್ಕನೇ ವಾರದಲ್ಲಿ ಮೀನಖಂಡ ಹಿಂಡಿದ ಹಾಗೆ ನೋಯುತ್ತಿದೆ ಅಂದಾಗ ಎಲ್ಲರೂ ಪ್ಲಾಸ್ಟರ್ ಬಿಗಿಯಾಗಿರಬೇಕು ಅಂದರು. ಅದಾಗಿ ಎರಡು ದಿನಕ್ಕೆ ಬೆಳಗಿನ ಜಾವ ಬಚ್ಚಲುಮನೆಯಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಳು. ಎಚ್ಚರವಾಯಿತು, ಆದರೆ ಉಸಿರು ಮೇಲುಮೇಲಕ್ಕೆ, ಮೈಯೆಲ್ಲ ತಣ್ಣನೆ ಬೆವರು.

ಭಾವ ಮೊದಲು ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಇಸಿಜಿ ತೆಗೆದರು, ನಾಡಿ ಜೋರಾಗಿದೆ ಅನ್ನುವುದು ಬಿಟ್ಟರೆ ಬೇರೇನಿಲ್ಲ, ಹಾರ್ಟ್ ಅಟ್ಯಾಕ್ ಅಲ್ಲ, ಗ್ಯಾಸು, ಜೊತೆಗೆ ಗಾಬರಿ ಎಂದು ಸೊಂಟಕ್ಕೆ ಒಂದು ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ನ್ಯಾಯವಾಗಿ ಹೇಳಬೇಕೆಂದರೆ ಈ ಕಾಯಿಲೆಯಲ್ಲಿ ಇಸಿಜಿ ಬಹಳ ಸಲ ಇಷ್ಟನ್ನೇ ಹೇಳುತ್ತದೆ. ಪುಸ್ತಕದಲ್ಲಿ ಎಸ್‌ವನ್-ಕ್ಯೂತ್ರೀ-ಟಿತ್ರೀ ಅಂತ ಒಂದು ಗುರುತು ಬರೆದಿರುತ್ತಾರೆ, ಎಷ್ಟೋ ರೋಗಿಗಳಲ್ಲಿ ಅದು ಕಾಣುವುದಿಲ್ಲ. ಆದರೆ ಕಣ್ಣೆದುರೇ ಪ್ಲಾಸ್ಟರ್ ಹಾಕಿದ ಕಾಲಿದ್ದೂ ಯಾರೂ ಬೆರಳಿಗೆ ಆಕ್ಸಿಮೀಟರ್ ಹಾಕಿರಲಿಲ್ಲ. ನಾನು ಅಂಗಡಿಯಿಂದ ಒಂದನ್ನು ತೆಗೆದುಕೊಂಡು ಹೋಗಿ ಹಾಕಿದಾಗ ತೋರಿಸಿದ್ದು 86. ಆ ಸೊಂಟದ ಇಂಜೆಕ್ಷನ್ ವಿಷಯ ಮುಂದೆ ಬರುತ್ತದೆ.

ಆಕ್ಸಿಜನ್ ಇರುವ ಆಂಬ್ಯುಲೆನ್ಸ್ ಸಿಕ್ಕಿತು. ಬಿಳಿಕೆರೆ ದಾಟುವಷ್ಟರಲ್ಲಿ ಆಸ್ಪತ್ರೆಯ ಎಮರ್ಜೆನ್ಸಿ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಹೆಸರು, ವಯಸ್ಸು ಕೇಳಲಿಲ್ಲ. "ಬಿ.ಪಿ. ಎಷ್ಟಿದೆ? ಪ್ರಜ್ಞೆ ಇದೆಯಾ? ಯಾಕೆ ಪ್ಲಾಸ್ಟರ್ ಹಾಕಿದ್ದು, ಎಷ್ಟು ದಿನವಾಯ್ತು?" ಅಂತ ಕೇಳಿ, ಎಲ್ಲಿದ್ದೀರಿ ಅಂದರು. ಇಲವಾಲ ಹತ್ತಿರ ಬಂದಾಗ ಅವರೇ ವಾಪಸ್ ಫೋನ್ ಮಾಡಿದರು. ಈ ಒಂದು ಫೋನಿಗೇ ಅರ್ಧ ಸ್ಟಾರ್ ಕೊಡಬಹುದು.

ಬಾಗಿಲಲ್ಲಿ ಸ್ಟ್ರೆಚರ್ ಕಾದಿತ್ತು. ಡ್ಯೂಟಿ ಡಾಕ್ಟರ್ ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಮಾತು ಮಂಡ್ಯ ಕಡೆಯದು. ಬಿ.ಪಿ. 82 ಮೇಲೆ 50, ನಾಡಿ 130. ರಿಜಿಸ್ಟ್ರೇಷನ್‌ಗೆ ನನ್ನನ್ನು ಕರೆದವರಿಗೆ "ಅವರು ಇಲ್ಲೇ ಇರಲಿ, ಹಿಸ್ಟರಿ ಬೇಕು" ಅಂದರು. ಮುಂಚೆ ಯಾವತ್ತಾದರೂ ಹೀಗೆ ಹೆಪ್ಪುಗಟ್ಟಿತ್ತಾ, ಕ್ಯಾನ್ಸರ್ ಇದೆಯಾ, ಕೆಮ್ಮಿದಾಗ ರಕ್ತ ಬಂತಾ, ಹಾರ್ಮೋನ್ ಮಾತ್ರೆ ತಗೊಳ್ತಿದ್ದಾರಾ ಎಂದು ಒಂದರ ಹಿಂದೊಂದು ಕೇಳುತ್ತಲೇ ಕೈ ಎರಡೂ ಕಾಲಿನ ತೊಡೆ ಮುಟ್ಟಿ ನೋಡುತ್ತಿತ್ತು. ಹಾರ್ಮೋನ್ ಮಾತ್ರೆಯ ಪ್ರಶ್ನೆ ನನ್ನ ಕಿವಿಗೆ ಬಿತ್ತು. ಹಬ್ಬ, ಗೃಹಪ್ರವೇಶ ಬಂತೆಂದರೆ ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ಕೇಳಿಕೊಂಡು ನನ್ನ ಅಂಗಡಿಗೆ ಬರುವವರು ಕಡಿಮೆಯಿಲ್ಲ. ಆ ಮಾತ್ರೆಯಲ್ಲಿರುವ ಪ್ರಮಾಣದ ನಾರ್‌ಎಥಿಸ್ಟರೋನ್ ಎಂಬ ಹಾರ್ಮೋನ್ ಕೂಡ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುವ ಪಟ್ಟಿಯಲ್ಲಿದೆ. ಅಕ್ಕನಿಗೆ ಮುಟ್ಟು ನಿಂತು ವರ್ಷಗಳಾಗಿದ್ದರಿಂದ ಆ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಅಷ್ಟರಲ್ಲಿ ಸಿಸ್ಟರ್ ಎರಡೂ ಕೈಗೆ ದಪ್ಪ ಕ್ಯಾನುಲಾ ಹಾಕಿ ರಕ್ತ ಎಳೆದಿದ್ದರು: ಟ್ರೋಪೋನಿನ್, ಕ್ರಿಯಾಟಿನಿನ್, ಪ್ಲೇಟ್‌ಲೆಟ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಲೆಕ್ಕ), ರಕ್ತದ ಗುಂಪು. ಹೆಪ್ಪು ಕರಗುವಾಗ ರಕ್ತದಲ್ಲಿ ಏರುವ ಡಿ-ಡೈಮರ್ ಎಂಬ ಅಂಶದ ಟೆಸ್ಟ್ ಆ ಪಟ್ಟಿಯಲ್ಲಿರಲಿಲ್ಲ. ನಾನು ಮಧ್ಯೆ ಬಾಯಿ ಹಾಕಿ, "ಡಿ-ಡೈಮರ್ ಕಳಿಸಲ್ವಾ ಮೇಡಂ?" ಅಂದೆ. ಬೇಜಾರಿಲ್ಲದೆ ಉತ್ತರ ಕೊಟ್ಟರು: "ಅನುಮಾನ ಕಮ್ಮಿ ಇದ್ದಾಗ ಇಲ್ಲ ಅಂತ ಹೇಳೋಕೆ ಅದು ಬೇಕು ಸರ್. ಇವರಲ್ಲಿ ಅನುಮಾನ ಇಷ್ಟಿದೆ. ಮುರಿದ ಮೂಳೆಗೇ ಅದು ಜಾಸ್ತಿ ಬರುತ್ತೆ. ಬಂದ ರಿಪೋರ್ಟ್ ಇಟ್ಕೊಂಡು ನಾನೇನು ಮಾಡ್ಲಿ?" ಬೇಡದ ಟೆಸ್ಟ್ ಬರೆಯದ ಖಾಸಗಿ ಆಸ್ಪತ್ರೆ! ಇದೊಂದನ್ನು ಓದುಗರು ನಂಬಲಿಕ್ಕಿಲ್ಲ, ಆದರೂ ಬರೆದಿಟ್ಟಿದ್ದೇನೆ.

ಮುಂದಿನ ಐದು ನಿಮಿಷ ನಾನು ಮಂಚದ ಕಾಲಿನ ಕಡೆ ನಿಂತು ನೋಡಿದೆ. ಚಕ್ರ ಇರುವ ಒಂದು ಅಲ್ಟ್ರಾಸೌಂಡ್ ಯಂತ್ರ, ಎಮರ್ಜೆನ್ಸಿಯದೇ. ರೇಡಿಯಾಲಜಿಗೆ ಫೋನ್ ಮಾಡಿ ಕಾಯುವ ಮಾತಿಲ್ಲ. ಎದೆಗೆ ಜೆಲ್ ಹಚ್ಚಿ ಪ್ರೋಬ್ ಇಟ್ಟಾಗ ಪರದೆಯ ಮೇಲೆ ಹೃದಯದ ನಾಲ್ಕು ಕೋಣೆ ಕಂಡವು. ಬಲಗಡೆಯದು ಎಡಗಡೆಯದಕ್ಕಿಂತ ಚಿಕ್ಕದಿರಬೇಕು, ಇಲ್ಲಿ ಅದು ಎಡದ ಕೋಣೆಯನ್ನೇ ಮೂಲೆಗೆ ಒತ್ತಿತ್ತು. ಪ್ರೋಬನ್ನು ತಿರುಗಿಸಿದಾಗ ದುಂಡಗಿರಬೇಕಾದ ಎಡಕೋಣೆ ಇಂಗ್ಲಿಷಿನ ಡಿ ಅಕ್ಷರದ ಹಾಗೆ ಒಂದು ಕಡೆ ಚಪ್ಪಟೆಯಾಗಿತ್ತು. ಬಲಕೋಣೆಯ ಗೋಡೆ ನಡುವೆ ಸತ್ತ ಹಾಗೆ ನಿಂತು, ತುದಿ ಮಾತ್ರ ಮಿಡುಕುತ್ತಿತ್ತು. ಆಮೇಲೆ ಡಾಕ್ಟರ್ ಬಲಗಾಲಿನ ತೊಡೆಸಂದಿಗೆ ಬೇರೆ ಪ್ರೋಬ್ ಇಟ್ಟು ಒತ್ತಿದರು. ಪಕ್ಕಪಕ್ಕ ಎರಡು ಕಪ್ಪು ವೃತ್ತ: ಒಂದು ಮಿಡಿಯುವ ಧಮನಿ, ಇನ್ನೊಂದು ಅಭಿಧಮನಿ. ಒತ್ತಿದರೆ ಅಭಿಧಮನಿ ಪೂರ್ತಿ ಮುಚ್ಚಿಕೊಳ್ಳಬೇಕು. ಎಡಗಾಲಿನಲ್ಲಿ ಮುಚ್ಚಿಕೊಂಡಿತು. ಬಲಗಾಲಿನಲ್ಲಿ ಎಷ್ಟು ಒತ್ತಿದರೂ ಆ ವೃತ್ತ ವೃತ್ತವಾಗಿಯೇ ಉಳಿಯಿತು, ಒಳಗೆ ಬೂದು ಬಣ್ಣದ ಏನೋ ತುಂಬಿತ್ತು. "ಇದೇ" ಅಂದರು, ಅಷ್ಟೇ.

ಅಲ್ಲಿಂದ ಸಿಸ್ಟರ್ ಕಡೆ ತಿರುಗಿ ಹೆಪರಿನ್ ಅಂದರು, ಹೆಪ್ಪು ಬೆಳೆಯದಂತೆ ತಡೆಯುವ ಇಂಜೆಕ್ಷನ್. ನಾನು ಕಾಯುತ್ತಿದ್ದುದು ಇದಕ್ಕೇ. ನಮ್ಮ ಕಡೆ ಬಹಳ ಆಸ್ಪತ್ರೆಗಳಲ್ಲಿ ಈ ಘಳಿಗೆಗೆ ಒಂದು ಚೀಟಿ ಬರುತ್ತದೆ. ಚೀಟಿ ಹಿಡಿದು ಮನೆಯವರು ಕೆಳಗಿನ ಫಾರ್ಮಸಿಗೆ ಓಡಬೇಕು, ಅಲ್ಲಿ ಕ್ಯೂ, ಕಾರ್ಡ್ ಮೆಷಿನ್ನಿಗೆ ನೆಟ್‌ವರ್ಕ್ ಇರುವುದಿಲ್ಲ. ಇಲ್ಲಿ ಹಾಸಿಗೆಯಿಂದ ನಾಲ್ಕು ಹೆಜ್ಜೆಯ ಕೆಂಪು ಟ್ರಾಲಿಯ ಎರಡನೇ ಡ್ರಾಯರಿನಿಂದ ವಯಲ್ ಬಂತು. 5 ಎಂಎಲ್‌ನಲ್ಲಿ 25,000 ಯೂನಿಟ್ ಇರುವ, ನಾನೂ ಮಾರುವ ಸಾಧಾರಣ ವಯಲ್ಲು. ಕಿಲೋಗೆ 80 ಯೂನಿಟ್ ಲೆಕ್ಕದಲ್ಲಿ ಅಕ್ಕನ ತೂಕಕ್ಕೆ ಒಂದು ಎಂಎಲ್ ಚಿಲ್ಲರೆ. ಇಬ್ಬರು ಸಿಸ್ಟರ್ ಲೇಬಲ್ ಓದಿ, ಒಬ್ಬರಿಗೊಬ್ಬರು ಗಟ್ಟಿಯಾಗಿ ಡೋಸ್ ಹೇಳಿ ಕೊಟ್ಟರು. ಸಿ.ಟಿ. ಇನ್ನೂ ಆಗಿಲ್ಲ, ದುಡ್ಡು ಇನ್ನೂ ಕಟ್ಟಿಲ್ಲ. ಅನುಮಾನ ಬಲವಾಗಿದ್ದು, ರಕ್ತಸ್ರಾವದ ಭಯ ಇಲ್ಲದಿದ್ದರೆ ಸ್ಕ್ಯಾನಿಗೆ ಕಾಯದೆ ಹೆಪರಿನ್ ಶುರು ಮಾಡಬೇಕು ಅನ್ನುವುದು ಎಲ್ಲ ಮಾರ್ಗಸೂಚಿಗಳಲ್ಲೂ ಇದೆ. ಪಾಲಿಸಬೇಕೆಂದರೆ ಮದ್ದು ಟ್ರಾಲಿಯಲ್ಲಿರಬೇಕು.

ಇನ್ನೊಂದು ಸಂಗತಿ. ಭಾವ ಬಾಗಿಲಲ್ಲಿ ನಿಂತು, "ಬಿ.ಪಿ. ಇಲ್ಲ ಅಂತೀರಲ್ಲಮ್ಮ, ಗ್ಲೂಕೋಸ್ ಜೋರಾಗಿ ಬಿಡ್ರಮ್ಮ" ಅಂತ ಗೋಗರೆಯುತ್ತಿದ್ದರು. ಹಳ್ಳಿಯಲ್ಲಿ ನಿಶ್ಶಕ್ತಿಗೆ, ಜ್ವರಕ್ಕೆ, ಬಿ.ಪಿ.ಗೆ ಎಲ್ಲದಕ್ಕೂ ಬಾಟಲಿಯೇ ಮದ್ದು. ಈ ಕಾಯಿಲೆಯಲ್ಲಿ ಅದು ತಿರುಗುಬಾಣ. ಆಗಲೇ ಊದಿಕೊಂಡಿರುವ ಬಲಕೋಣೆಗೆ ಇನ್ನಷ್ಟು ನೀರು ತುಂಬಿದರೆ ಅದು ಎಡಕೋಣೆಯನ್ನು ಮತ್ತೂ ಒತ್ತುತ್ತದೆ. ಹಾಗಾಗಿ ಒಂದು ಚಿಕ್ಕ ಬಾಟಲಿ ಸಲೈನ್ ಮಾತ್ರ ಬಿಟ್ಟು, ಸಿರಿಂಜ್ ಪಂಪಿನಲ್ಲಿ ಬಿ.ಪಿ. ಏರಿಸುವ ನಾರ್‌ಅಡ್ರಿನಲಿನ್ ಶುರು ಮಾಡಿದರು. ಡಾಕ್ಟರ್ ಭಾವನ ಹೆಗಲ ಮೇಲೆ ಕೈಯಿಟ್ಟು, "ಅಪ್ಪಾಜಿ, ನೀರು ಹಾಕಿದ್ರೆ ಹೃದಯ ಇನ್ನೂ ಸೋಲುತ್ತೆ, ಬೇರೆ ಮದ್ದು ಹಾಕಿದೀವಿ" ಅಂದರು. ಅಷ್ಟು ಗಲಾಟೆಯಲ್ಲೂ ಅಪ್ಪಾಜಿ ಅನ್ನುವಷ್ಟು ವ್ಯವಧಾನ ಇತ್ತು. ವೆಂಟಿಲೇಟರ್ ಹಾಕಲು ಕೂಡ ಅವಸರ ಮಾಡಲಿಲ್ಲ. ಇಂಥವರನ್ನು ಮಂಪರು ಬರಿಸಿ ನಳಿಕೆ ಹಾಕುವ ಹೊತ್ತಿಗೆ ಹೃದಯ ನಿಂತುಬಿಡುವ ಅಪಾಯ ಇರುತ್ತದಂತೆ. ಮಾಸ್ಕಿನಲ್ಲೇ ಹೈ-ಫ್ಲೋ ಆಕ್ಸಿಜನ್ ಕೊಟ್ಟು ಕಾದರು.

ಬಿ.ಪಿ. 96ಕ್ಕೆ ಬಂದಾಗ ಸಿ.ಟಿ.ಗೆ ಹೊರಟರು, ಮಾನಿಟರ್, ಪಂಪು, ಡಾಕ್ಟರ್ ಎಲ್ಲ ಜೊತೆಗೆ. ಬರದೇ ಹೋಗಿದ್ದರೆ ಎಕೋ, ಅಂದರೆ ಹೃದಯದ ಆ ಅಲ್ಟ್ರಾಸೌಂಡ್, ನೋಡಿದ್ದರ ಮೇಲೆಯೇ ಮುಂದಿನ ಮದ್ದು ಕೊಡುತ್ತಿದ್ದರಂತೆ. ಕುಸಿದ ರೋಗಿಯನ್ನು ಸ್ಕ್ಯಾನ್ ಕೋಣೆಗೆ ಎಳೆದೊಯ್ಯಬಾರದು ಅನ್ನುವುದೂ ನಿಯಮವೇ. ಸ್ಕ್ಯಾನ್ ಟೇಬಲ್ ಮೇಲೆ ಮಲಗಿಸಿದ ಮೇಲೆ ಡಾಕ್ಟರ್ ಟೆಕ್ನಿಷಿಯನ್‌ಗೆ, "ಮೊದಲು ತಲೆ ಪ್ಲೇನ್ ತೆಗೀರಿ, ಆಮೇಲೆ ಎದೆ ಕಾಂಟ್ರಾಸ್ಟ್" ಅಂದರು. ಎದೆ ಕಾಯಿಲೆಗೆ ತಲೆ ಯಾಕೆ ಅಂತ ಭಾವನಿಗೆ ಸಂಶಯ, ಬಿಲ್ ಬೆಳೆಸುತ್ತಿದ್ದಾರೆ ಅಂತಲೂ ಇರಬಹುದು. ನನಗೆ ಥಟ್ಟನೆ ಹೊಳೆಯಿತು: ಬೆಳಿಗ್ಗೆ ಬಚ್ಚಲಲ್ಲಿ ಬಿದ್ದಿದ್ದಳಲ್ಲ. ತಲೆಯೊಳಗೆ ಕೂದಲೆಳೆಯಷ್ಟು ರಕ್ತಸ್ರಾವ ಆಗಿದ್ದರೂ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಅದು ನಿಲ್ಲುವುದಿಲ್ಲ. ಬಂದಾಗಲೇ ಅವರು ಅಕ್ಕನ ತಲೆಗೂದಲು ಸರಿಸಿ ಬೆರಳಾಡಿಸಿ ಬುಗುಟು ಇದೆಯೇ ಎಂದು ನೋಡಿದ್ದು ಆಮೇಲೆ ನೆನಪಾಯಿತು.

ತಲೆ ಶುದ್ಧವಿತ್ತು. ಎದೆಯಲ್ಲಿ ಎರಡೂ ಕಡೆಯ ಮುಖ್ಯ ನಾಳದಲ್ಲಿ ಹೆಪ್ಪು. ನಾಳ ಎದ್ದು ಕಾಣಲು ಬಿಡುವ ಕಾಂಟ್ರಾಸ್ಟ್ ಮದ್ದು ಹೋದಲ್ಲೆಲ್ಲ ಬೆಳ್ಳಗೆ ಹೊಳೆಯುವ ನಾಳದ ನಡುವೆ ಬೂದು ತುಂಡು ಸಿಕ್ಕಿಕೊಂಡಿದ್ದು ನನ್ನಂಥವನಿಗೂ ಗೊತ್ತಾಗುತ್ತಿತ್ತು.

ಒಪ್ಪಿಗೆ ಪತ್ರದ ವಿಚಾರ. ನಮ್ಮಲ್ಲಿ ಸಾಮಾನ್ಯವಾಗಿ ಖಾಲಿ ಫಾರಂ ಮುಂದೆ ಹಿಡಿದು "ಇಲ್ಲಿ, ಇಲ್ಲಿ, ಇಲ್ಲಿ" ಎಂದು ಸಹಿ ಹಾಕಿಸುತ್ತಾರೆ. ಇವರು ನಿಂತೇ ಎರಡು ನಿಮಿಷ ಮಾತಾಡಿದರು. ಬಿ.ಪಿ. ಕುಸಿದಿರುವುದರಿಂದ ಹೆಪರಿನ್ ಒಂದೇ ಸಾಲದು. ಹೆಪರಿನ್ ಹೊಸ ಹೆಪ್ಪು ಬೆಳೆಯದಂತೆ ತಡೆಯುತ್ತದೆ, ಇರುವುದನ್ನು ಕರಗಿಸುವುದಿಲ್ಲ. ಕರಗಿಸುವ ಮದ್ದು ಕೊಟ್ಟರೆ ನೂರಕ್ಕೆ ಒಬ್ಬಿಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು, ಬೇರೆ ಕಡೆ ರಕ್ತ ಹೋಗುವುದು ಇನ್ನೂ ಹೆಚ್ಚು. ಹಿಂದೆ ಮಿದುಳಿನಲ್ಲಿ ರಕ್ತಸ್ರಾವ ಆಗಿತ್ತಾ, ಆರು ತಿಂಗಳೊಳಗೆ ಸ್ಟ್ರೋಕ್, ಮೂರು ವಾರದೊಳಗೆ ದೊಡ್ಡ ಆಪರೇಷನ್, ಹೊಟ್ಟೆಹುಣ್ಣಿನಿಂದ ರಕ್ತ, ಯಾವುದಾದರೂ? ಹರಡಿಗೆ ಆಪರೇಷನ್ ಮಾಡದೆ ಪ್ಲಾಸ್ಟರ್ ಮಾತ್ರ ಹಾಕಿದ್ದು ಈಗ ನಮ್ಮ ಪುಣ್ಯಕ್ಕೆ ಬಂತು. ಕೊನೆಗೆ ಕೇಳಿದರು: "ಇವತ್ತು ಎಲ್ಲಾದ್ರೂ ಸೊಂಟಕ್ಕೆ, ತೋಳಿಗೆ ಇಂಜೆಕ್ಷನ್ ಹಾಕಿದಾರಾ?" ಹಾಕಿದ್ದಾರೆ ಅಂದೆ. ಸಿಸ್ಟರ್ ತಕ್ಷಣ ಅಕ್ಕನನ್ನು ಮೆಲ್ಲಗೆ ಹೊರಳಿಸಿ, ಚುಚ್ಚಿದ ಜಾಗ ಹುಡುಕಿ, ಅದರ ಸುತ್ತ ಪೆನ್ನಿನಲ್ಲಿ ಗೆರೆ ಎಳೆದರು.

ಮದ್ದು ಆಲ್ಟೆಪ್ಲೇಸ್, ಒಟ್ಟು 100 ಮಿಲಿಗ್ರಾಂ. 50ರ ಎರಡು ವಯಲ್. ನನ್ನಂಥವನು ಸ್ಟಾಕ್ ಇಡುವ ಸರಕಲ್ಲ, ಎಕ್ಸ್‌ಪೈರಿ ಆದರೆ ಅಂಗಡಿಯೇ ಮುಳುಗೀತು. ಇದೂ ಎಮರ್ಜೆನ್ಸಿಯ ಬೀಗದ ಕಪಾಟಿನಲ್ಲೇ ಇತ್ತು. ಪುಡಿಗೆ ಜೊತೆಯಲ್ಲಿ ಬಂದ ನೀರು ಸೇರಿಸಿ ಸಿಸ್ಟರ್ ವಯಲನ್ನು ಕುಲುಕದೆ ಅಂಗೈಗಳ ನಡುವೆ ಹೊರಳಿಸುತ್ತಾ ನಿಂತರು. ಕುಲುಕಿದರೆ ನೊರೆ ಬರುತ್ತದೆ. ಗೊತ್ತಿಲ್ಲದವರು ಅವಸರಕ್ಕೆ ಅದನ್ನೇ ಮಾಡುತ್ತಾರೆ. 10 ಮಿಲಿಗ್ರಾಂ ಒಮ್ಮೆಲೇ, ಉಳಿದ 90 ಎರಡು ಗಂಟೆಯ ಕಾಲ ಪಂಪಿನಲ್ಲಿ. ಅಷ್ಟು ಹೊತ್ತು ಹೆಪರಿನ್ ನಿಲ್ಲಿಸಿದ್ದರು.

ನನ್ನ ವೃತ್ತಿಯ ಚಟಕ್ಕೆ ಬೇರೆ ಮದ್ದುಗಳ ಬಗ್ಗೆಯೂ ಕೇಳಿದೆ. ಸ್ಟ್ರೆಪ್ಟೊಕೈನೇಸ್ ಬಹಳ ಅಗ್ಗ, 15 ಲಕ್ಷ ಯೂನಿಟ್ ಎರಡು ಗಂಟೆಯಲ್ಲಿ ಕೊಡುತ್ತಾರೆ. ದುಡ್ಡಿಲ್ಲದ ಕಡೆ ಅದೇ ಕೈಹಿಡಿಯುತ್ತದೆ, ಆದರೆ ಅದರಿಂದ ಬಿ.ಪಿ. ಬೀಳುವುದು, ಅಲರ್ಜಿ ಆಗುವುದು ಉಂಟು. ಟೆನೆಕ್ಟೆಪ್ಲೇಸ್ ತೂಕಕ್ಕೆ ತಕ್ಕ ಹಾಗೆ ಒಂದೇ ಸಲ ಕೊಡುವ ಇಂಜೆಕ್ಷನ್. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೃದಯಾಘಾತಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲೂ ಉಚಿತವಾಗಿ ಕೊಡುತ್ತಿರುವುದು ಅದನ್ನೇ. ಹಾಗಾದರೆ ಹುಣಸೂರಿನಲ್ಲೇ ಹಾಕಿಸಬಹುದಿತ್ತಲ್ಲ ಎಂದು ಊರಿನಲ್ಲಿ ಈಗ ಕೇಳುವವರಿದ್ದಾರೆ. ಹೃದಯಾಘಾತವನ್ನು ಇಸಿಜಿಯೇ ತೋರಿಸಿಕೊಡುತ್ತದೆ, ಇದನ್ನು ತೋರಿಸುವುದಿಲ್ಲ. ಇದು ಇದೇ ಎಂದು ಗಟ್ಟಿಯಾಗದೆ ಹೆಪ್ಪು ಕರಗಿಸುವ ಇಂಥ ಮದ್ದನ್ನು ಯಾರೂ ಕೊಡಲಾರರು. ಬಿ.ಪಿ. ಸರಿ ಇದ್ದು, ಎಕೋದಲ್ಲಿ ಮಾತ್ರ ಬಲಕೋಣೆ ದಣಿದಿರುವವರಿಗೂ ಎಲ್ಲರಿಗೂ ಕೊಡುವುದಿಲ್ಲ. 2014ರಲ್ಲಿ ಪ್ರಕಟವಾದ ಪೈಥೋ ಎಂಬ ಅಧ್ಯಯನದಲ್ಲಿ ಸುಮಾರು ಸಾವಿರ ಮಂದಿ ಅಂಥವರನ್ನು ನೋಡಿದಾಗ, ಟೆನೆಕ್ಟೆಪ್ಲೇಸ್ ಪಡೆದವರಲ್ಲಿ ಕುಸಿಯುವವರು ಕಡಿಮೆಯಾದರು, ಆದರೆ ಮಿದುಳಿನ ರಕ್ತಸ್ರಾವ 2 ಪ್ರತಿಶತ, ಪಡೆಯದವರಲ್ಲಿ 0.2. ಅಂಥವರನ್ನು ಹೆಪರಿನ್ ಮೇಲೆ ಇಟ್ಟು, ಕಣ್ಣಿಟ್ಟು, ಕುಸಿದರೆ ಮಾತ್ರ ಕೊಡುತ್ತಾರೆ. ಅಕ್ಕ ಆ ಗೆರೆ ಆಗಲೇ ದಾಟಿಯಾಗಿತ್ತು.

ಮದ್ದು ಕೆಲಸ ಮಾಡದಿದ್ದರೆ ಏನು ಅಂತ ಕೇಳಿದ್ದಕ್ಕೂ ಉತ್ತರ ಸಿದ್ಧವಿತ್ತು. ಕ್ಯಾತ್ ಲ್ಯಾಬಿಗೆ ಆಗಲೇ ಹೇಳಿದ್ದರು. ತೊಡೆಯ ನಾಳದಿಂದ ಕೊಳವೆ ಒಯ್ದು ಹೆಪ್ಪನ್ನು ಒಡೆದು ಎಳೆಯುವುದು, ಅದೂ ಆಗದಿದ್ದರೆ ಎದೆ ತೆರೆದು ತೆಗೆಯುವುದು. ಎದೆ ತೆರೆಯುವ ಶಸ್ತ್ರಚಿಕಿತ್ಸೆಯನ್ನು ಟ್ರೆಂಡೆಲೆನ್‌ಬರ್ಗ್ ಎಂಬ ಜರ್ಮನ್ ಸರ್ಜನ್ 1908ರಲ್ಲೇ ಯತ್ನಿಸಿದ್ದ, ಅವನ ರೋಗಿಗಳು ಉಳಿಯಲಿಲ್ಲ. ಅವನ ಶಿಷ್ಯ ಕಿರ್ಷ್ನರ್‌ನ ಕೈಯಲ್ಲಿ 1924ರಲ್ಲಿ ಮೊದಲ ರೋಗಿ ಬದುಕಿದ್ದು. ಇದನ್ನು ನನಗೆ ಹೇಳಿದ್ದು ಕ್ಯಾತ್ ಲ್ಯಾಬಿನ ಡಾಕ್ಟರ್, ಟೀ ಕುಡಿಯುತ್ತಾ. ಆಗ ಕೇಳುವ ಮನಸ್ಥಿತಿ ನನಗಿರಲಿಲ್ಲ. ಈಗ ಬರೆಯುವಾಗ ಚೆನ್ನಾಗಿದೆ ಅನ್ನಿಸುತ್ತದೆ.

ಕೆಲಸ ಮಾಡಿತು. ಪಂಪು ಮುಗಿಯುವ ಮುಂಚೆಯೇ ನಾರ್‌ಅಡ್ರಿನಲಿನ್ ಇಳಿಸುತ್ತಾ ಬಂದರು. ನಾಡಿ 130ರಿಂದ 104. ಅಕ್ಕ ಮಾಸ್ಕಿನೊಳಗಿಂದಲೇ ಕೊಟ್ಟಿಗೆಯ ಬಾಗಿಲು ಹಾಕಿದ್ದೀರಾ ಅಂತ ಭಾವನನ್ನು ಕೇಳಿದಳು. ವಸಡಿನಿಂದ ಸ್ವಲ್ಪ ರಕ್ತ ಜಿನುಗಿತು, ಬಿ.ಪಿ. ಪಟ್ಟಿ ಕಟ್ಟಿದ ತೋಳು ನೀಲಿಗಟ್ಟಿತು. ಸೊಂಟದ ಆ ಇಂಜೆಕ್ಷನ್ ಜಾಗ? ಸಂಜೆಯ ಹೊತ್ತಿಗೆ ಪೆನ್ನಿನ ಗೆರೆ ದಾಟಿ, ಅಂಗೈ ಅಗಲ, ನೇರಳೆಹಣ್ಣಿನ ಬಣ್ಣದ ಬಾವು. ಹಿಮೋಗ್ಲೋಬಿನ್ ಒಂದೂವರೆ ಇಳಿಯಿತು. ರಕ್ತ ಕೊಡುವ ಮಟ್ಟಕ್ಕೆ ಹೋಗಲಿಲ್ಲ, ಒತ್ತಿ ಕಟ್ಟಿ, ಗಂಟೆಗೊಮ್ಮೆ ಗೆರೆ ನೋಡಿದರು. ಏದುಸಿರು ಬಿಡುತ್ತಾ ಬಂದವರ ಮಾಂಸಖಂಡಕ್ಕೆ ಕಾರಣ ತಿಳಿಯದೆ ಸೂಜಿ ಚುಚ್ಚಬೇಡಿ ಅಂತ ನಮ್ಮ ಊರಿನ ಎಲ್ಲ ಕ್ಲಿನಿಕ್‌ಗಳ ಗೋಡೆಗೆ ಬರೆದು ಅಂಟಿಸಬೇಕು ಅನ್ನಿಸಿದ್ದು ಆಗ.

ಐಸಿಯು ಬಗ್ಗೆ ಮೂರೂವರೆ ಸ್ಟಾರ್. ಆರೈಕೆಗೆ ಐದು ಕೊಡಬಹುದು. ರಾತ್ರಿಯಿಡೀ ಸಿಸ್ಟರ್ ಬಂದು ಹೆಸರು ಕೇಳುವುದು, ಎರಡೂ ಕೈಯಲ್ಲಿ ಬೆರಳು ಹಿಂಡಿ ಅನ್ನುವುದು, ಕಣ್ಣಿಗೆ ಟಾರ್ಚ್ ಬಿಡುವುದು, ತಲೆನೋವಿದೆಯಾ ಎನ್ನುವುದು. ಅಕ್ಕನಿಗೆ ರೇಗಿಹೋಗಿತ್ತು: "ಎಷ್ಟು ಸಲ ಹೇಳಲಿ ನನ್ನ ಹೆಸರ?" ಮಿದುಳಿನ ರಕ್ತಸ್ರಾವವನ್ನು ಬೇಗ ಹಿಡಿಯಲು ಅದೇ ದಾರಿ. ಹೆಪರಿನ್ ಮತ್ತೆ ಶುರು ಮಾಡಿ ಎಪಿಟಿಟಿ ಅನ್ನುವ ಹೆಪ್ಪುಗಟ್ಟುವಿಕೆಯ ರಕ್ತಪರೀಕ್ಷೆ ನೋಡಿ ನೋಡಿ ಡೋಸ್ ಹೊಂದಿಸಿದರು. ಕಳೆದುಕೊಂಡ ಸ್ಟಾರ್ ಮಾಹಿತಿಗೆ. ಎಮರ್ಜೆನ್ಸಿಯಲ್ಲಿ ಅಷ್ಟು ಬಿಡಿಸಿ ಹೇಳಿದ ಆಸ್ಪತ್ರೆ ಐಸಿಯು ಬಾಗಿಲು ಮುಚ್ಚಿದ ಮೇಲೆ ಮೂಗಬಸವಣ್ಣ ಆಯಿತು. ದಿನಕ್ಕೊಂದು ಸಲ, ಯಾರೋ ಒಬ್ಬರು, ಕಾರಿಡಾರಿನಲ್ಲಿ ನಡೆಯುತ್ತಲೇ "ಸ್ಟೇಬಲ್ ಇದಾರೆ" ಎನ್ನುವುದು.

ವಾರ್ಡು, ಊಟ: ಪರವಾಗಿಲ್ಲ. ಉಪ್ಪಿಟ್ಟಿಗೆ ಉಪ್ಪಿಲ್ಲ.

ಬಿಲ್ಲಿಂಗ್. ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಕಂಪನಿಯ ಇನ್ಶೂರೆನ್ಸಿನಲ್ಲಿ ಅಪ್ಪ-ಅಮ್ಮನ ಹೆಸರಿದೆ. ಕ್ಯಾಶ್‌ಲೆಸ್ ಅಂತ ಬೋರ್ಡಿದೆ. ಟಿಪಿಎ (ಇನ್ಶೂರೆನ್ಸ್ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಡೆಸ್ಕಿನ ಹುಡುಗ ಕೇಳಿದ ಕಾಗದವನ್ನೇ ಮತ್ತೆ ಕೇಳಿದ, ಪ್ಲಾಸ್ಟರ್ ಹಾಕಿಸಿದ್ದರ ರಸೀದಿ ಬೇಕು ಅಂದ, ಅದು ಬಂದ ಮೇಲೆ ಎಕ್ಸ್‌ರೇ ಫಿಲ್ಮ್ ಬೇಕು ಅಂದ. ಡಾಕ್ಟರ್ ಬೆಳಿಗ್ಗೆ ಡಿಸ್ಚಾರ್ಜ್ ಬರೆದರೆ ನಾವು ಹೊರಟಿದ್ದು ದೀಪ ಹಚ್ಚುವ ಹೊತ್ತಿಗೆ. ಬಿಲ್ಲಿನಲ್ಲಿ ಗ್ಲೌಸ್, ಸಿರಿಂಜ್, ತ್ರೀ-ವೇ ಇವಕ್ಕೆ ಹಾಕಿದ ಎಂಆರ್‌ಪಿ ನೋಡಿ ನಗು ಬಂತು. ಅದೇ ಕಂಪನಿಯ ಅದೇ ಸಿರಿಂಜು ನನಗೆ ಯಾವ ದರಕ್ಕೆ ಬೀಳುತ್ತದೆ ಎಂದು ನನಗೆ ಗೊತ್ತಿಲ್ಲವೇ? ಕೇಳಿದೆ. ಪ್ಯಾಕ್ ಮೇಲಿರುವ ದರ ಸರ್ ಅಂದರು. ಕಾನೂನಿಗೆ ಸರಿ. ನನ್ನ ಎರಡು ಸ್ಟಾರೂ ಸರಿ. ಆಲ್ಟೆಪ್ಲೇಸ್‌ಗೆ ಹಾಕಿದ ದರದ ಬಗ್ಗೆ ಮಾತ್ರ ತಕರಾರಿಲ್ಲ.

ಡಿಸ್ಚಾರ್ಜ್ ಪತ್ರದಲ್ಲಿ ಒಂದು ಕೊರತೆ ಇತ್ತು, ಇದನ್ನು ಅವರಿಗೂ ಬರೆದುಕೊಟ್ಟಿದ್ದೇನೆ. ಮತ್ತೆ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ರಿವರೋಕ್ಸಾಬಾನ್: ಮೊದಲ 21 ದಿನ 15 ಮಿಲಿಗ್ರಾಂ ದಿನಕ್ಕೆರಡು, ಆಮೇಲೆ 20 ದಿನಕ್ಕೊಂದು. ಈ ಎರಡೂ ಡೋಸನ್ನು ಊಟದ ಜೊತೆಯೇ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಪತ್ರದಲ್ಲಿ ಆ ಮಾತೇ ಇರಲಿಲ್ಲ. ಬಿ.ಪಿ. ಮಾತ್ರೆಯ ಅಭ್ಯಾಸಕ್ಕೆ ಬಿದ್ದವರು ಇದನ್ನೂ ಎದ್ದ ತಕ್ಷಣ ನೀರಿನ ಜೊತೆ ನುಂಗಿಬಿಡುತ್ತಾರೆ. ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಟ್ಟಬೇಡಿ, ಪ್ಯಾರಾಸಿಟಮಾಲ್ ಮಾತ್ರ ಎಂದೂ ಬರೆದಿರಲಿಲ್ಲ. ಮುರಿದ ಹರಡು ಇಟ್ಟುಕೊಂಡ ಹೆಂಗಸು ನೋವಿನ ಮಾತ್ರೆ ಕೇಳದೆ ಇರುತ್ತಾಳೆಯೇ? ಇದೇ ಕೆಲಸದ ಹಳೆಯ ಮಾತ್ರೆ ಅಸಿಟ್ರಾಮ್ ಆಗಿದ್ದರೆ ಐಎನ್‌ಆರ್ 2ರಿಂದ 3ರೊಳಗೆ ಇರಿಸಲು ಪದೇ ಪದೇ ರಕ್ತ ಪರೀಕ್ಷೆ, ಸೊಪ್ಪಿನ ಊಟ ಒಂದು ದಿನ ಜಾಸ್ತಿ ಒಂದು ದಿನ ಕಡಿಮೆ ಆಗದಂತೆ ನೋಡುವುದು ಇರುತ್ತಿತ್ತು. ನಮ್ಮ ಮನೆಯಲ್ಲಿ ಬಸ್ಸಾರು ಬಿಡಿಸುವುದು ಸಾಧ್ಯವಿಲ್ಲದ ಮಾತು. ಆ ಮಟ್ಟಿಗೆ ಹೊಸ ಮಾತ್ರೆ ಸುಖ. ಈಗ ಜೆನೆರಿಕ್ ಕೂಡ ಸಿಗುತ್ತದೆ.

ಮೂರು ತಿಂಗಳಿಗೆ ಮತ್ತೆ ಎಕೋ ಮಾಡಿದರು. ಬಲಕೋಣೆ ತನ್ನ ಅಳತೆಗೆ ಮರಳಿದೆ. ಮೆಟ್ಟಿಲು ಹತ್ತಿದರೆ ಉಸಿರು ಹಿಡಿಯುತ್ತದೆಯೇ ಎಂದು ಕೇಳಿ, ಕಾರಿಡಾರಿನಲ್ಲಿ ನಡೆಸಿ, ಆಕ್ಸಿಮೀಟರ್ ನೋಡಿದರು. ಕೆಲವರಲ್ಲಿ ಹೆಪ್ಪು ಪೂರ್ತಿ ಕರಗದೆ ಗಾಯದ ಕಲೆಯಂತೆ ನಾಳಕ್ಕೆ ಅಂಟಿಕೊಂಡು ಶ್ವಾಸಕೋಶದ ಒತ್ತಡ ಏರುತ್ತದೆ, ಅಂಥವರಿಗೆ ಶ್ವಾಸಕೋಶದಲ್ಲಿ ಗಾಳಿ, ರಕ್ತ ಎಲ್ಲೆಲ್ಲಿ ಹೋಗುತ್ತಿದೆ ಎಂದು ತೋರಿಸುವ ವಿ-ಕ್ಯೂ ಸ್ಕ್ಯಾನ್ ಬೇಕು. ಅಕ್ಕನಿಗೆ ಬೇಕಾಗಲಿಲ್ಲ. ಕಾರಣ ಪ್ಲಾಸ್ಟರ್ ಎಂದು ಸ್ಪಷ್ಟವಿದ್ದು, ಅದೂ ಹೋಗಿರುವುದರಿಂದ ಮಾತ್ರೆ ನಿಲ್ಲಿಸಲು ಒಪ್ಪಿದರು. ಮುಂದೆ ಯಾವ ಆಪರೇಷನ್, ಪ್ಲಾಸ್ಟರ್ ಆದರೂ ಈ ಫೈಲ್ ಮೊದಲು ತೋರಿಸಬೇಕು ಎಂದು ಕೆಂಪು ಅಕ್ಷರದಲ್ಲಿ ಬರೆದುಕೊಟ್ಟಿದ್ದಾರೆ. ವರ್ಷಕ್ಕೆ ಇನ್ನೊಂದು ಸಲ ಬರಬೇಕಂತೆ. ಅವತ್ತು ಟೋಕನ್ ಕೊಟ್ಟಿದ್ದು ಹತ್ತು ಗಂಟೆಗೆ, ಕರೆದಿದ್ದು ಒಂದೂಕಾಲಿಗೆ. ಒಪಿಡಿಗೂ ಎರಡೇ ಸ್ಟಾರ್.